ಹಾಜರಿ

ಆದೇಶದಲ್ಲಿ ಇದ್ದದ್ದು ಎರಡೇ ಸಾಲು:
ದೇವಸಮುದ್ರ ಹೋಬಳಿಯ ಹದಿನೇಳು ಹಳ್ಳಿಗಳ ಪ್ರಕರಣಗಳು
ಒಂದನೇ ತಾರೀಖಿನಿಂದ ಚಳ್ಳಕೆರೆಗೆ;
ಮೊಳಕಾಲ್ಮುರಿನ ಎರಡನೇ ಕೋರ್ಟು ಮುಚ್ಚತಕ್ಕದ್ದು.
ಕೆಳಗೆ ರುಜು, ಮೊಹರು.
ಮೊಹರಿನಲ್ಲಿ ಒಂದು ಸಿಂಹಕ್ಕೆ ಮುಖ ಮೂಡಿರಲಿಲ್ಲ.

ಅಷ್ಟಕ್ಕೇ
ಒಂಬೈನೂರ ನಲವತ್ತು ಕಡತ ಟಾಟಾ ಏಸು ಹತ್ತಿದವು.
ಹಗ್ಗ ಸಾಲದೆ ಯಾರೋ ಮಗ್ಗದ ಮನೆಯಿಂದ
ಕೆಟ್ಟುಹೋದ ಸೀರೆಯಂಚು ತಂದರು.
ಕೊಲೆಯತ್ನ, ಬದುವಿನ ಜಗಳ, ಜೀವನಾಂಶ
ಜರಿಯಲ್ಲಿ ಬಿಗಿಸಿಕೊಂಡು
ದಿಬ್ಬಣದ ಹಾಗೆ ಹೊರಟವು.

ನಾನು ಎಪಿಪಿ. ಸರ್ಕಾರದ ಬಾಯಿ.
ನನ್ನನ್ನೂ ಎರಡು ಮಾಡಿದರು:
ಸೋಮ ಮಂಗಳ ಇಲ್ಲಿ, ಮಿಕ್ಕ ದಿನ ಅಲ್ಲಿ.
ಕರಿ ಕೋಟು ಮಾತ್ರ ಒಂದೇ,
ತೋಳಿಗೆ ಬಸ್ಸಿನ ಕಿಟಕಿ ಕಂಬಿಯ ತುಕ್ಕು.

ಎರಡನೇ ಕೋರ್ಟಿನ ಬಾಗಿಲಲ್ಲಿ
ಇಪ್ಪತ್ತಾರು ವರ್ಷ ಕೂಗಿದವನು ಓಬಳೇಶಿ.
ಒಳಗಿಂದ ಹೆಸರು ಬಂದರೆ ಹೊರಗೆ ಮೂರು ಸಲ:
ಮೊದಲನೇದು ಕನ್ನಡದಲ್ಲಿ, ಕಾನೂನಿಗೆ ತಕ್ಕಂತೆ;
ಎರಡನೇದು ತೆಲುಗಿನಲ್ಲಿ, ಬೇವಿನ ಕಟ್ಟೆಯ ಕಡೆಗೆ;
ಮೂರನೇದು ಯಾವ ಭಾಷೆಯೂ ಅಲ್ಲ,
ಮಂದೆ ಕರೆಯುವ ದನಿ.
ಬಸ್‌ಸ್ಟ್ಯಾಂಡಿನ ಗೋಡೆಗೆ ನಿಂತವನೂ
ಲಾಡಿ ಕಟ್ಟಿಕೊಳ್ಳುತ್ತ ಓಡಿ ಬರಬೇಕು.
ಚಳ್ಳಕೆರೆಯಲ್ಲಿ ಗೋಡೆಗೆ ಪರದೆ ಹಾಕಿದ್ದಾರೆ.
ಕೆಂಪು ಅಂಕಿ ಹೊತ್ತಿಕೊಳ್ಳುತ್ತದೆ,
ಸ್ವಲ್ಪ ಹೊತ್ತು ನೋಡುತ್ತದೆ, ಆರುತ್ತದೆ.

ಮಂಗಳವಾರ ಗಾದ್ರಮ್ಮ ಬಂದಳು.
ಕೇಸಿನ ನಂಬರು ಬಾಯಿಪಾಠ, ಮನೆದೇವರ ಹೆಸರಿನಂತೆ.
ಒಂಬತ್ತು ವರ್ಷದ ಹಿಂದೆ ಕಳವಾದ ಮೂರು ಕುರಿ
ಸಿಕ್ಕ ಮೇಲೆ ಬಾಂಡು ಬರೆಸಿ ಅವಳಿಗೇ ಒಪ್ಪಿಸಿದ್ದೆವು,
ಕರೆದಾಗ ಹಾಜರುಪಡಿಸತಕ್ಕದ್ದು ಅಂತ.
"ಆ ಮೂರೂ ಸತ್ತೋದ್ವು ತಾಯಿ.
ಅವುಗಳ ಮೊಮ್ಮಕ್ಕಳವೆ. ಸಾಕ್ಷಿಗೆ ನಡೀತಾವ?"
ನೆನಪಿದ್ದ ಸೆಕ್ಷನ್ನುಗಳನ್ನೆಲ್ಲ ತಡಕಿದೆ.
ಯಾವುದರಲ್ಲೂ ಮೊಮ್ಮಕ್ಕಳಿಲ್ಲ.

"ನಿಮ್ಮ ಹಳ್ಳಿ ಈಗ ಇಲ್ಲಿಲ್ಲಮ್ಮ" ಎಂದೆ.
"ಬೆಳಿಗ್ಗೆ ನಾ ಬರೋವಾಗ ಅಲ್ಲೇ ಇತ್ತಲ್ಲ" ಎಂದಳು.

ರೂಲುದೊಣ್ಣೆ ಇಟ್ಟು ಯಾರೋ ಎಳೆದ ಗೆರೆ
ಅವಳ ರೊಪ್ಪಕ್ಕೂ ಹಳ್ಳಕ್ಕೂ ನಡುವೆ ಬಿದ್ದಿದೆ.
ಕುರಿ ಕಳೆದ ಜಾಗ ಚಳ್ಳಕೆರೆಗೆ,
ಸಿಕ್ಕ ಜಾಗ ನಮಗೆ,
ಕದ್ದವನು ಯಾವಾಗಲೋ ರಾಯದುರ್ಗಕ್ಕೆ.

ಹನ್ನೊಂದೂ ಮುಕ್ಕಾಲು. ಬಸ್ಸು ಹೋಗಿ ಅರ್ಧ ಗಂಟೆ.
ಫೋನು ಹಚ್ಚಿದೆ. ಅಲ್ಲಿನ ಎಪಿಪಿ ದನಿ ತಗ್ಗಿಸಿ:
"ಈಗಷ್ಟೇ ಮೇಡಂ. ಗೈರು. ವಾರಂಟು ಆಯ್ತು."
ಕೇಳಿದ್ದು ಯಾರು? ಸರ್ಕಾರ.
ಅಂದರೆ ನಾನೇ.

"ಬಂದಿದ್ದೆ ಅಂತ ಬರಕೊಳ್ಳಿ" ಎಂದಳು.
ಎಲ್ಲಿ ಬರೆಯಲಿ? ಪುಸ್ತಕ ಟಾಟಾ ಏಸಿನಲ್ಲಿ ಹೋಗಿದೆ.

ಮೆಟ್ಟಿಲ ಮೇಲೆ ಕೂತಿದ್ದ ಓಬಳೇಶಿ ಎದ್ದ.
ಎಲೆಯಡಿಕೆ ಉಗಿದ. ಜೇಬಿನಿಂದ ಡವಾಲಿ ತೆಗೆದು ಹಾಕಿಕೊಂಡ.
(ವಾಪಸು ಕೊಡಬೇಕಿತ್ತು, ಕೊಟ್ಟಿರಲಿಲ್ಲ.)
ಬೀಗದ ಬಾಗಿಲಿಗೆ ಬೆನ್ನು ಕೊಟ್ಟು
ಎದುರಿಗೇ, ಎರಡು ಮಾರು ದೂರದಲ್ಲಿ ನಿಂತವಳನ್ನು
ಊರಿಗೆಲ್ಲ ಕೇಳುವಂತೆ ಕೂಗಿದ.
ಅವಳು ಮೂರನೇ ಕೂಗಿನವರೆಗೂ ಕಾದಳು.
ಸೆರಗು ಹೊದ್ದು, "ಬಂದೀನಿ ಸ್ವಾಮಿ" ಎಂದು
ಒಳಗೆ ಕುರ್ಚಿ ಇದ್ದ ದಿಕ್ಕಿಗೆ ಕೈ ಮುಗಿದಳು.
ಕಾಂಪೌಂಡಿನಾಚೆ ಯಾರದೋ ಟಗರು ತಲೆಯೆತ್ತಿತು.

ಆಮೇಲೆ ಚಾ ಬಂತು, ಎರಡರಲ್ಲಿ ಮೂರು.
ಲೋಟ ಕೆಳಗಿಟ್ಟು ಓಬಳೇಶಿ ಕೇಳಿದ,
ಪರದೆ ಹಾಕಿದ ಕಡೆ ಕಸ ಗುಡಿಸೋಕಾದರೂ
ಆಳು ಬೇಕಾಗಬಹುದಾ ಮೇಡಂ.

ಬುಧವಾರ ಚಳ್ಳಕೆರೆಯಲ್ಲಿ
ವಾರಂಟು ಹಿಂಪಡೆಯಲು ಅರ್ಜಿ ಬರೆದೆ.
ಸರ್ಕಾರವೇ ಸರ್ಕಾರದ ಕೈ ಹಿಡಿಯುವ ಅರ್ಜಿ.
ಕಾರಣ: ಸದರಿ ದಿನ ಸಾಕ್ಷಿದಾರಳು
ಕೂಗಿಸಲಾಗಿ ಹಾಜರಿದ್ದಳು.
ಎಲ್ಲಿ ಎಂದು ಬರೆಯಲಿಲ್ಲ.